ಹೊರಡೋ ಮುಂಚೆ ಕೇಳ್ತಿದ್ದೀನಿ: ಬಾಡಿಗೆ ಮನೆಯ ಸಣ್ಣ ಕರೆಂಟ್ ಕಂಪನಿ ಇಟ್ಕೊಳ್ಳಲಾ, ಬಿಡಲಾ?

ಹಾಸನ (ಅಕ್ಟೋಬರಿಗೆ ಕೊವೆಂಟ್ರಿ)
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಇಂಗ್ಲೆಂಡಿನ ಕೊವೆಂಟ್ರಿಗೆ ಹೊರಡ್ತಿದ್ದೇವೆ. ಮಗಳಿಗೆ ಮೂರು ವರ್ಷ, ಮಗನಿಗೆ ಏಳು ತಿಂಗಳು. ಬಾಡಿಗೆ ಮನೆ ಗೊತ್ತಾಗಿದೆ. ಅಲ್ಲಿ ಗ್ಯಾಸು, ಕರೆಂಟು ಎರಡೂ ಯಾವುದೋ ಸಣ್ಣ ಕಂಪನಿಯದಂತೆ, ಹೆಸರೇ ಕೇಳಿಲ್ಲ. ಹಾಸನದಲ್ಲಿ ಸೆಸ್ಕ್ ಬಿಟ್ಟರೆ ಇನ್ನೊಂದಿಲ್ಲ, ಅದಕ್ಕೇ ಕಂಪನಿ ಆರಿಸೋದು ಅಂದರೆ ಏನು ನೋಡಬೇಕು ಅನ್ನೋದೇ ತಿಳೀತಿಲ್ಲ. ಆ ಕಂಪನಿ ಜನವರಿಯಲ್ಲಿ ಮುಳುಗಿದರೆ ಎಳೆಮಗು ಇರೋ ಮನೆಗೆ ಗ್ಯಾಸ್ ನಿಂತುಹೋಗುತ್ತಾ? ಕಟ್ಟಿದ ದುಡ್ಡು ಏನಾಗುತ್ತೆ? ದೊಡ್ಡ ಕಂಪನಿಗೇ ಹೋಗಿಬಿಡೋದು ಕ್ಷೇಮವಾ? ಅತ್ತೆ ಮಾವ ಇಲ್ಲೇ ಹಾಸನದಲ್ಲಿರ್ತಾರೆ, ಅವರಿಗೂ ಈ ಚಿಂತೆ ಹತ್ತಿದೆ.

ಅರಸೀಕೆರೆ, ಈಗ ಲೆಸ್ಟರ್
ಮೊದಲು ಭಯ ಬಿಡಿ. ಗ್ಯಾಸ್ ನಿಲ್ಲೋದಿಲ್ಲ, ಕರೆಂಟೂ ನಿಲ್ಲೋದಿಲ್ಲ. ತಂತಿ, ಪೈಪು ಈ ಕಂಪನಿಗಳದ್ದಲ್ಲ, ಅದಕ್ಕೆ ಬೇರೆ ಜಾಲದ ಕಂಪನಿಗಳಿವೆ. ನೀವು ಆರಿಸೋದು ಬಿಲ್ ಮಾಡೋರನ್ನ, ಫೋನ್ ಎತ್ತೋರನ್ನ ಅಷ್ಟೆ. ಹಾಲು ಒಂದೇ ಡೇರಿಯದು, ಮಾರೋ ಅಂಗಡಿ ಬೇರೆ ಬೇರೆ.

ಕಂಪನಿ ಮುಚ್ಚಿದರೆ ಆಫ್‌ಜೆಮ್ (ಗ್ಯಾಸ್, ಕರೆಂಟ್ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಕ) ಕೆಲವೇ ದಿನಗಳಲ್ಲಿ ಇನ್ನೊಂದು ಕಂಪನಿಗೆ ನಿಮ್ಮನ್ನ ವಹಿಸುತ್ತೆ. ನಿಮ್ಮ ಖಾತೆಯಲ್ಲಿದ್ದ ಹೆಚ್ಚುವರಿ ದುಡ್ಡಿಗೆ ರಕ್ಷಣೆ ಇದೆ. ಆಗ ಮಾಡಬೇಕಾದ್ದು: ಅವತ್ತೇ ಎರಡೂ ಮೀಟರ್ ಫೋಟೋ ತೆಗೀರಿ, ಕೊನೇ ಬಿಲ್ ಇಳಿಸಿಟ್ಟುಕೊಳ್ಳಿ, ಹೊಸ ಕಂಪನಿ ಖಾತೆ ತೆರೆಯೋವರೆಗೆ ಡೈರೆಕ್ಟ್ ಡೆಬಿಟ್ (ಬ್ಯಾಂಕಿನಿಂದ ತಾನಾಗೇ ಹೋಗೋ ಕಂತು) ರದ್ದು ಮಾಡಬೇಡಿ, ನೀವಾಗಿ ಬೇರೆ ಕಡೆ ಓಡಬೇಡಿ. ಮಧ್ಯದಲ್ಲೇ ಓಡಿದವರ ಹೆಚ್ಚುವರಿ ದುಡ್ಡಿನ ಲೆಕ್ಕ ಎರಡು ಕಂಪನಿಗಳ ನಡುವೆ ಸಿಕ್ಕಿಹಾಕಿಕೊಂಡು ತಿಂಗಳುಗಟ್ಟಲೆ ಎಳೆಯುತ್ತೆ. ಕಳೆದುಹೋಗೋದು ನಿಮ್ಮ ಫಿಕ್ಸೆಡ್ ದರ (ಇಷ್ಟು ಕಾಲ ಇದೇ ಅಂತ ಒಪ್ಪಿದ್ದು) ಮಾತ್ರ. ಹೊಸ ಕಂಪನಿಯ ದರಕ್ಕೆ ಬೀಳ್ತೀರಿ, ಅಲ್ಲಿಂದ ದಂಡ ಇಲ್ಲದೆ ಹೊರಡಬಹುದು.

ಮನೆಗೆ ಕಾಲಿಟ್ಟ ದಿನ: ಮೀಟರ್ ಎರಡರ ಫೋಟೋ, ಸೀರಿಯಲ್ ನಂಬರ್ ಕಾಣೋ ಹಾಗೆ. ಆ ರೀಡಿಂಗ್ ಕಂಪನಿಗೆ ಕಳಿಸಿ. ಹಿಂದಿನ ಬಾಡಿಗೆದಾರರ ಬಾಕಿ ನಿಮ್ಮ ತಲೆಗೆ ಬರದ ಹಾಗೆ ತಡೆಯೋದು ಇದೊಂದೇ. ಸಹಿ ಮಾಡದೆ ಬಳಸೋಕೆ ಶುರು ಮಾಡಿದರೆ ಅದು ಡೀಮ್ಡ್ ಕಾಂಟ್ರಾಕ್ಟ್. ಅದಕ್ಕೆ ಎಕ್ಸಿಟ್ ಫೀ (ಮಧ್ಯದಲ್ಲಿ ಬಿಟ್ಟರೆ ಹಾಕೋ ದಂಡ) ಇಲ್ಲ, ಯಾವಾಗ ಬೇಕಾದರೂ ಬಿಡಬಹುದು, ಆದರೆ ದರ ಅಗ್ಗ ಇರೋದಿಲ್ಲ. ಬಿಲ್ ನಿಮ್ಮ ಹೆಸರಲ್ಲಿದ್ದರೆ ಕಂಪನಿ ಬದಲಾಯಿಸೋ ಹಕ್ಕು ಬಾಡಿಗೆದಾರರದೇ. ಬದಲಾವಣೆಗೆ 5 ಕೆಲಸದ ದಿನ, ಮನಸ್ಸು ಬದಲಾದರೆ 14 ದಿನದ ಅವಕಾಶ. ಬೇರೆ ಕಂಪನಿಗೆ ಅರ್ಜಿ ಹಾಕುವಾಗ ಕರೆಂಟಿಗೆ ಎಂಪ್ಯಾನ್ ಅನ್ನೋ 13 ಅಂಕಿಯ ನಂಬರು, ಗ್ಯಾಸಿಗೆ ಎಂಪಿಆರ್‌ಎನ್ ಬೇಕಾಗಬಹುದು. ಎರಡೂ ಬಿಲ್ ಮೇಲಿರುತ್ತೆ.

ಮೂಡಿಗೆರೆ, ಈಗ ಲೀಡ್ಸ್
ಸಣ್ಣ ಕಂಪನಿಗೆ ಒಂದು ಪೌಂಡೂ ಕೊಡಬೇಡಿ. ಮನೆಗೆ ಹೋದ ವಾರದಲ್ಲೇ ಬಿಡಿ. 2021ರ ಚಳಿಗಾಲ ಇಲ್ಲಿದ್ದವರಿಗೆಲ್ಲ ನೆನಪಿದೆ. ಹೆಚ್ಚುಕಡಿಮೆ 30 ಕಂಪನಿ ಮುಚ್ಚಿದವು. ಕಾರಣ ಸರಳ: ಒಂದು ವರ್ಷಕ್ಕೆ ಇದೇ ದರ ಅಂತ ಗ್ರಾಹಕರಿಗೆ ಮಾತು ಕೊಟ್ಟರು, ಆ ವರ್ಷಕ್ಕೆ ಬೇಕಾದ ಗ್ಯಾಸ್ ಮುಂಗಡ ಕೊಂಡಿರಲಿಲ್ಲ. ಸಗಟು ದರ ಏರಿತು, ಪ್ರೈಸ್ ಕ್ಯಾಪ್ (ಫಿಕ್ಸ್ ಮಾಡದವರ ದರಕ್ಕೆ ಆಫ್‌ಜೆಮ್ ಹಾಕೋ ಮೇಲ್ಮಿತಿ) ಇದ್ದುದರಿಂದ ಉಳಿದ ಗ್ರಾಹಕರಿಗೂ ಏರಿಸೋಕೆ ಆಗಲಿಲ್ಲ, ಬಾಗಿಲು ಹಾಕಿದರು. ಗ್ರಾಹಕರ ಡೈರೆಕ್ಟ್ ಡೆಬಿಟ್ ದುಡ್ಡಲ್ಲೇ ವ್ಯಾಪಾರ ನಡೆಸ್ತಿದ್ದವೂ ಇದ್ದವು. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2022ರಲ್ಲಿ ಹಾಕಿದ ಅಂದಾಜಿನಂತೆ ಇದರ ಭಾರ 270 ಕೋಟಿ ಪೌಂಡ್, ಮನೆಗೆ ಸುಮಾರು 94 ಪೌಂಡ್. ದೊಡ್ಡ ಕಂಪನಿಯಲ್ಲಿದ್ದವರೂ ಕಟ್ಟಿದರು. ನಿಮ್ಮ ದುಡ್ಡು ಸುರಕ್ಷಿತ ಅಂದರೆ ಅದನ್ನ ಪಕ್ಕದ ಮನೆಯವರು ತುಂಬಿಕೊಡ್ತಾರೆ ಅಂತ ಅರ್ಥ. ಮಕ್ಕಳಿರೋರು ಇಂಥದ್ದರ ತಂಟೆಗೇ ಹೋಗಬಾರದು.

ಸಕಲೇಶಪುರ, ಈಗ ರೀಡಿಂಗ್
ಆವತ್ತು ಬಿದ್ದವರೆಲ್ಲ ಸಣ್ಣವರಲ್ಲ. ಬಲ್ಬ್ ಅನ್ನೋ ಕಂಪನಿಗೆ 15 ಲಕ್ಷಕ್ಕೂ ಮೇಲೆ ಗ್ರಾಹಕರಿದ್ದರು. ಈಗ ಎಲ್ಲರಿಗಿಂತ ದೊಡ್ಡದಾಗಿರೋ ಆಕ್ಟೋಪಸ್ 2016ರಲ್ಲಿ ಪೂರೈಕೆ ಶುರುಮಾಡಿದಾಗ ಅದೂ ಹೆಸರೇ ಕೇಳದ ಕಂಪನಿ. ಹೊಸಬರು ಬರದೇ ಇದ್ದಿದ್ದರೆ ಹಳೇ ಆರು ದೊಡ್ಡ ಕಂಪನಿಗಳೇ ಕೂತು ದರ ಹೇಳ್ತಿದ್ದವು. 2023ರ ಫೆಬ್ರವರಿಯಲ್ಲಿ ಬಲವಂತವಾಗಿ ಪ್ರೀಪೇಮೆಂಟ್ ಮೀಟರ್ (ಮೊದಲೇ ದುಡ್ಡು ತುಂಬಿದರೆ ಮಾತ್ರ ಓಡೋದು) ಹಾಕೋದನ್ನ ಆಫ್‌ಜೆಮ್ ನಿಲ್ಲಿಸಬೇಕಾಗಿ ಬಂದದ್ದು ಯಾವ ಸಣ್ಣ ಕಂಪನಿಯ ದೆಸೆಯಿಂದಲೂ ಅಲ್ಲ. ಅದಾದ ಮೇಲಿನ ನಿಯಮದ ಪ್ರಕಾರ ಎರಡು ವರ್ಷದೊಳಗಿನ ಮಗು ಇರೋ ಮನೆಗೆ ಬಲವಂತದಿಂದ ಆ ಮೀಟರ್ ಹಾಕೋ ಹಾಗಿಲ್ಲ. ಕೇಳಿದವರಿಗೆ ಏಳು ತಿಂಗಳ ಮಗು ಇದೆ, ಇದು ಗೊತ್ತಿರಲಿ.

ಮೂಡಿಗೆರೆ, ಈಗ ಲೀಡ್ಸ್
ಒಂದು ಆಕ್ಟೋಪಸ್ ಹೆಸರು ಹೇಳ್ತೀರಿ, ಮುಚ್ಚಿದ ಉಳಿದವರ ಹೆಸರು ಯಾರು ಹೇಳ್ತಾರೆ? ರಾಬಿನ್ ಹುಡ್ ಎನರ್ಜಿ ನಾಟಿಂಗ್‌ಹ್ಯಾಮ್ ನಗರಸಭೆಯದ್ದು. ಲಾಭದ ಆಸೆ ಇಲ್ಲದೆ, ಬಡವರಿಗಂತಲೇ 2015ರಲ್ಲಿ ಶುರುವಾಯ್ತು. 2020ರಲ್ಲಿ ಗ್ರಾಹಕರನ್ನೆಲ್ಲ ಬ್ರಿಟಿಷ್ ಗ್ಯಾಸ್‌ಗೆ ಒಪ್ಪಿಸಿತು. ನಷ್ಟ ಸುಮಾರು 3.8 ಕೋಟಿ ಪೌಂಡ್, ಊರಿನವರ ತೆರಿಗೆ ದುಡ್ಡು. ಒಳ್ಳೇ ಉದ್ದೇಶ ಇದ್ದರೆ ಗ್ಯಾಸ್ ಕೊಳ್ಳೋಕೆ ಬಂಡವಾಳ ಬರೋದಿಲ್ಲ.

ಕಡೂರು, ಈಗ ಗ್ಲಾಸ್ಗೋ
ಯಾವ ಕಂಪನಿ ಅನ್ನೋದರಿಂದ ವರ್ಷಕ್ಕೆ ಉಳಿಯೋದು ಸ್ವಲ್ಪ. ಬಾಯ್ಲರ್ ಸರಿ ಇಟ್ಟರೆ ಅದಕ್ಕಿಂತ ಜಾಸ್ತಿ. ಇಲ್ಲಿ ಯಾರು ಏನೇ ಕೇಳಿದರೂ ಇದನ್ನೇ ಹೇಳ್ತೀನಿ, ಯಾಕೆಂದರೆ ಮನೆಮನೆಯಲ್ಲೂ ತಪ್ಪಾಗಿಯೇ ಇರುತ್ತೆ. ಕಾಂಬಿ ಬಾಯ್ಲರ್ (ಟ್ಯಾಂಕ್ ಇಲ್ಲದೆ ಮನೆ ಬಿಸಿ, ಬಿಸಿನೀರು ಎರಡನ್ನೂ ಕೊಡೋ ಗ್ಯಾಸ್ ಯಂತ್ರ) ಆದರೆ ಮುಂದೆ ಎರಡು ತಿರುಗಣೆ ಇರುತ್ತವೆ. ರೇಡಿಯೇಟರ್ ಚಿತ್ರದ್ದು ಮನೆ ಬಿಸಿಗೆ, ನಲ್ಲಿ ಚಿತ್ರದ್ದು ಬಿಸಿನೀರಿಗೆ. ಮನೆ ಬಿಸಿಯದ್ದು ಸಾಮಾನ್ಯವಾಗಿ 70, 80ಕ್ಕೆ ಇಟ್ಟಿರ್ತಾರೆ. 60ಕ್ಕೆ ಇಳಿಸಿ. ರೇಡಿಯೇಟರಿನಿಂದ ವಾಪಸ್ ಬರೋ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಬಾಯ್ಲರ್ ಹೊಗೆಯಲ್ಲಿರೋ ಆವಿಯನ್ನ ನೀರಾಗಿಸಿ ಅದರ ಶಾಖವನ್ನೂ ಹಿಡಿಯುತ್ತೆ. 80ಕ್ಕೆ ಇಟ್ಟರೆ ಆ ಶಾಖ ಪೈಪಿನಿಂದ ಹೊರಗೆ ಹೋಗುತ್ತೆ. ಕೋಣೆ ಬಿಸಿಯಾಗೋದು ಸ್ವಲ್ಪ ನಿಧಾನ, ಬೇರೆ ವ್ಯತ್ಯಾಸ ಇಲ್ಲ. ಬಿಸಿನೀರಿನ ಟ್ಯಾಂಕ್ ಬೇರೆ ಇರೋ ಮನೆಯಲ್ಲಿ ಹೀಗೆ ಇಳಿಸಬೇಡಿ, ಟ್ಯಾಂಕಿನ ನೀರು 60 ಮುಟ್ಟದಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. ಪ್ರೆಷರ್ ಮುಳ್ಳು 1ರಿಂದ 1.5 ಬಾರ್ ಮಧ್ಯೆ ಇರಲಿ.

ಬೇಲೂರು, ಈಗ ಸ್ಲೌ
ಮಗುವಿನ ವಿಷಯ ಯಾರೂ ಹೇಳಲಿಲ್ಲ. ಎಳೆಮಗು ಮಲಗೋ ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸಾಕು ಅಂತ ಇಲ್ಲಿಯ ಹೆಲ್ತ್ ವಿಸಿಟರ್‌ಗಳೇ (ಪುಟ್ಟ ಮಕ್ಕಳನ್ನ ನೋಡಿಕೊಳ್ಳೋ ನರ್ಸ್‌ಗಳು) ಹೇಳ್ತಾರೆ. ಊರಿನಿಂದ ಬಂದವರು ಮಗುವಿಗೆ ಶೀತ ಆಗುತ್ತೆ ಅಂತ 25ಕ್ಕೆ ಏರಿಸಿ, ಟೊಪ್ಪಿಗೆ, ಉಣ್ಣೆ, ಮೇಲೆ ರಗ್ಗು. ಮಗುವಿಗೆ ಸೆಕೆಯೇ ಹೆಚ್ಚು ಅಪಾಯ. ಮಲಗುವಾಗ ಟೊಪ್ಪಿಗೆ ಬೇಡ, ಸಡಿಲ ರಗ್ಗಿನ ಬದಲು ಸ್ಲೀಪಿಂಗ್ ಬ್ಯಾಗ್ ಹಾಕಿ. ಒಂದು ಸಣ್ಣ ರೂಮ್ ಥರ್ಮಾಮೀಟರ್ ಮೊದಲ ದಿನವೇ ತನ್ನಿ.

ಇನ್ನೊಂದು ಮುಖ್ಯ ವಿಷಯ. ಐದು ವರ್ಷದೊಳಗಿನ ಮಕ್ಕಳಿರೋ ಮನೆಗೆ ಪ್ರಯಾರಿಟಿ ಸರ್ವೀಸಸ್ ರಿಜಿಸ್ಟರ್‌ನಲ್ಲಿ (ಕರೆಂಟ್, ಗ್ಯಾಸ್ ಹೋದಾಗ ಹೆಚ್ಚಿನ ನೆರವು ಬೇಕಾದ ಮನೆಗಳ ಪಟ್ಟಿ) ಉಚಿತವಾಗಿ ಹೆಸರು ಬರೆಸಬಹುದು. ಕಂಪನಿಗೆ ಫೋನ್ ಮಾಡಿ, ಸಣ್ಣದಾದರೂ ಅವರು ಇದನ್ನ ಮಾಡಲೇಬೇಕು. ತಂತಿ ಜಾಲದವರಿಗೂ ತಿಳಿಸಿ. ಕಂಪನಿ ಬದಲಾಯಿಸಿದರೆ ಹೊಸಬರ ಹತ್ತಿರ ಹೆಸರು ಬಂದಿದೆಯಾ ಅಂತ ಮತ್ತೆ ಕೇಳಿ. ಕರೆಂಟ್ ಹೋದರೆ ಯಾವ ಕಂಪನಿ ಇದ್ದರೂ 105ಕ್ಕೆ ಕರೆ ಮಾಡೋದು.

ಮಕ್ಕಳನ್ನ ಚಳಿ ಅಂತ ಒಳಗೇ ಕೂಡಿಹಾಕಬೇಡಿ, ಇದನ್ನ ನೋವಿನಿಂದ ಬರೀತಿದ್ದೀನಿ. ಇಲ್ಲಿ ಬೆಳೆದ ನಮ್ಮ ಎಷ್ಟೋ ಮಕ್ಕಳಿಗೆ ಬೇಲೂರಿನ ಬಚ್ಚಲೊಲೆಯ ಬಿಸಿಯೂ ಗೊತ್ತಿಲ್ಲ, ಇಲ್ಲಿಯ ಕೆಸರಿನ ಪಾರ್ಕೂ ಗೊತ್ತಿಲ್ಲ.

ಕಡೂರು, ಈಗ ಗ್ಲಾಸ್ಗೋ
ಮಗಳಿಗೆ ಮೀಟರ್ ಓದೋದು ಕಲಿಸಿ. ಅಂಕಿಗಳನ್ನ ಕನ್ನಡದಲ್ಲೇ ಹೇಳಿಸಿ.

ಅರಸೀಕೆರೆ, ಈಗ ಲೆಸ್ಟರ್
ಕಂಪನಿ ಹೇಗೆ ತೂಗೋದು ಅನ್ನೋ ಪ್ರಶ್ನೆ ಹಾಗೇ ಉಳಿದುಹೋಯ್ತು. ಜಾಹೀರಾತಿನ ತಿಂಗಳ ಮೊತ್ತ ನೋಡಬೇಡಿ, ಅದು ಅವರ ಊಹೆ. ನೋಡಬೇಕಾದ್ದು ಯೂನಿಟ್ ದರ ಮತ್ತು ದಿನದ ಸ್ಟ್ಯಾಂಡಿಂಗ್ ಚಾರ್ಜ್ (ಬಳಸಲಿ ಬಿಡಲಿ ಕಟ್ಟಬೇಕಾದ್ದು), ಎರಡೂ ಶೇ 5 ವ್ಯಾಟ್ ತೆರಿಗೆ ಸೇರಿಸಿ. ಸಾಮಾನ್ಯ ಮನೆಗೆ ವರ್ಷಕ್ಕೆ 2,700 ಯೂನಿಟ್ (ಕಿಲೋವ್ಯಾಟ್ ಅವರ್) ಕರೆಂಟ್, 11,500 ಯೂನಿಟ್ ಗ್ಯಾಸ್ ಅಂತ ಆಫ್‌ಜೆಮ್ 2023ರಲ್ಲಿ ಹಿಡಿದ ಲೆಕ್ಕ. ಒಂದು ಕಂಪನಿ ಕರೆಂಟ್ ಯೂನಿಟ್ಟಿಗೆ 1 ಪೆನ್ಸ್ ಕಡಿಮೆ ಅಂದರೆ 27 ಪೌಂಡ್ ಉಳಿತಾಯ. ಅದೇ ಕಂಪನಿಯ ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ 10 ಪೆನ್ಸ್ ಜಾಸ್ತಿ ಇದ್ದರೆ 36 ಪೌಂಡ್ 50 ಪೆನ್ಸ್ ಹೋಯ್ತು. ಅಗ್ಗ ಅಂತ ಕಂಡದ್ದು ತುಟ್ಟಿ. ಕ್ಯಾಪ್ ಅನ್ನೋದು ಈ ಎರಡು ದರಗಳಿಗೆ ಇರೋ ಮಿತಿ, ಬಿಲ್ಲಿಗೆ ಅಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗೆ ಬದಲಾಗುತ್ತೆ. ಕೆಲವು ಹಸಿರು ಕಂಪನಿಗಳಿಗೆ ಕ್ಯಾಪಿನಿಂದ ವಿನಾಯಿತಿ ಕೊಟ್ಟದ್ದೂ ಉಂಟು, ಅಲ್ಲಿ ದರ ಮೇಲಿರಬಹುದು.

ಮತ್ತೆ ಬಿಲ್ಲಿನ ತಳದಲ್ಲಿ ಲೈಸೆನ್ಸ್ ಯಾರ ಹೆಸರಲ್ಲಿದೆ ನೋಡಿ. ಮೇಲೆ ಸಣ್ಣ ಹೆಸರು, ಒಳಗೆ ದೊಡ್ಡ ಕಂಪನಿ ಇರೋದು ಉಂಟು. ಸಿಟಿಜನ್ಸ್ ಅಡ್ವೈಸ್ ಅನ್ನೋ ಸಲಹಾ ಸಂಸ್ಥೆ ಮೂರು ತಿಂಗಳಿಗೊಮ್ಮೆ ಕಂಪನಿಗಳಿಗೆ ನಕ್ಷತ್ರ ಕೊಡುತ್ತೆ, ಫೋನ್ ಎತ್ತೋಕೆ ಎಷ್ಟು ಹೊತ್ತು ಅನ್ನೋದೂ ಅದರಲ್ಲಿ ಸಿಗುತ್ತೆ. ಶುರುವಿಗೇ ಒಂದು ತಿಂಗಳ ಮುಂಗಡಕ್ಕಿಂತ ಹೆಚ್ಚು ಕೇಳಿದರೆ ಬೇಡ ಅನ್ನಿ. ಪ್ರತಿ ತಿಂಗಳು ಒಂದೇ ತಾರೀಕಿಗೆ ರೀಡಿಂಗ್ ಕೊಡಿ. ಕೊಡದಿದ್ದರೆ ಅಂದಾಜಿನ ಬಿಲ್ ಬರುತ್ತೆ, ಖಾತೆಯಲ್ಲಿ ಸುಮ್ಮನೆ ದುಡ್ಡು ಕೂರುತ್ತೆ. ಬೇಸಿಗೆಯಲ್ಲಿ ಒಂದಷ್ಟು ಕೂರೋದು ಸಹಜ, ಚಳಿಗಾಲಕ್ಕೆ ಕರಗುತ್ತೆ. ಏಪ್ರಿಲ್ ಹೊತ್ತಿಗೂ ಉಳಿದಿದ್ದರೆ ವಾಪಸ್ ಕೇಳಿ, ತಕ್ಕ ಕಾರಣ ಇಲ್ಲದೆ ಇಲ್ಲ ಅನ್ನೋ ಹಾಗಿಲ್ಲ. ಜಗಳ 8 ವಾರದಲ್ಲಿ ಬಗೆಹರಿಯದಿದ್ದರೆ ಎನರ್ಜಿ ಓಂಬಡ್ಸ್‌ಮನ್ ಅನ್ನೋ ಸ್ವತಂತ್ರ ತೀರ್ಪುಗಾರರಿಗೆ ದೂರು ಕೊಡಿ.

ಹೀಗೆ ತೂಗಿದ ಮೇಲೆ ಸಣ್ಣದು ಗೆದ್ದರೆ ಸಣ್ಣದರಲ್ಲೇ ಇರಿ.

ಮೂಡಿಗೆರೆ, ಈಗ ಲೀಡ್ಸ್
ಇಷ್ಟೆಲ್ಲ ಕಾವಲು ಕಾಯಬೇಕಾದರೆ ಯಾಕೆ ಬೇಕು? ಎರಡು ಪುಟ್ಟ ಮಕ್ಕಳನ್ನ ಹಿಡ್ಕೊಂಡು ಹೊಸ ದೇಶದಲ್ಲಿ ಬ್ಯಾಂಕ್ ಖಾತೆ, ಜಿಪಿ (ಮನೆ ಡಾಕ್ಟರ್), ನರ್ಸರಿ ಅಂತ ಓಡಾಡೋರಿಗೆ ಇದು ಹೊರೆ. ದೊಡ್ಡ ಕಂಪನಿ, ಒಂದು ವರ್ಷ ಫಿಕ್ಸ್. ಮುಗೀತು.

ಸಕಲೇಶಪುರ, ಈಗ ರೀಡಿಂಗ್
ಮೀಟರ್ ರೀಡಿಂಗ್ ಕೊಡೋ ಕಾವಲು ದೊಡ್ಡ ಕಂಪನಿಗೂ ಬೇಕು. ಫಿಕ್ಸ್ ಮಾಡೋದಾದರೆ ಎಕ್ಸಿಟ್ ಫೀ ಎಷ್ಟು ಅಂತ ನೋಡಿ. ಬಾಡಿಗೆ ಮನೆ ಆರು ತಿಂಗಳಿಗೆ ಬಿಡಬೇಕಾಗಿ ಬಂದರೆ ಅದನ್ನ ಹಾಕ್ತಾರಾ ಅಂತ ಮೊದಲೇ ಕೇಳಿ. ಫಿಕ್ಸ್ ಮುಗಿಯೋ ಮುಂಚಿನ ಕೊನೇ 49 ದಿನಗಳಲ್ಲಿ ಮಾತ್ರ ಆ ಫೀ ಹಾಕೋ ಹಾಗಿಲ್ಲ.

ಚಿಕ್ಕಮಗಳೂರು
ಹಾಸನದಲ್ಲಿ ಉಳಿಯುವ ಹಿರಿಯರ ವಿಷಯಕ್ಕೆ ಬರುತ್ತೇನೆ. ಹೊರಡುವ ಮುಂಚೆ ಅವರ ಮನೆಗೆ ಸೋಲಾರ್ ಹಾಕಿಸಿ ಹೋಗಬೇಕೆಂದು ಹಲವರು ಯೋಚಿಸುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000, 3ಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ಆರ್‌ಆರ್ ನಂಬರ್ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಹಾಸನಕ್ಕೆ ಸೆಸ್ಕ್, ನಮ್ಮ ಕಡೆ ಮೆಸ್ಕಾಂ, ಮೊದಲು ಅಲ್ಲಿ ಹೆಸರು ವರ್ಗಾಯಿಸಿ. ವಿದೇಶದಿಂದ ಅದನ್ನು ಮಾಡಿಸುವುದು ಕಷ್ಟ.

ಎರಡನೆಯದು, ಗ್ರಿಡ್ ಜೊತೆ ಕೂಡಿದ ಸಾದಾ ಇನ್ವರ್ಟರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನಿನ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲಿ ಎಂದೇ ಹಾಗೆ ಮಾಡಿದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದಾಗ ದೀಪ ಉರಿಯಬೇಕಾದರೆ ಬ್ಯಾಟರಿಯ ಹೈಬ್ರಿಡ್ ಬೇಕು, ಖರ್ಚೂ ಬೇರೆ. ಬಿಸಿಲಿದ್ದ ದಿನ ಕಿಲೋವ್ಯಾಟಿಗೆ ಸುಮಾರು 4 ಯೂನಿಟ್ ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನ ಅಂಚಿನಲ್ಲಿ ಅದನ್ನು ನೆಚ್ಚುವಂತಿಲ್ಲ. ಇಬ್ಬರೇ ಹಿರಿಯರಿರುವ ಮನೆ ಗೃಹಜ್ಯೋತಿಯಲ್ಲಿ ಅವರಿಗೆ ನಿಗದಿಯಾದ ಉಚಿತ ಯೂನಿಟ್ಟಿನ ಮಿತಿಯೊಳಗೇ (ಹೆಚ್ಚೆಂದರೆ 200) ಇದ್ದರೆ ಬಿಲ್ಲೇ ಬರುವುದಿಲ್ಲವಲ್ಲ, ಸೋಲಾರ್ ಉಳಿಸುವುದೇನನ್ನು? ಆ ಹಣಕ್ಕೆ ಒಂದು ಒಳ್ಳೆಯ ಯುಪಿಎಸ್ ಬ್ಯಾಟರಿ ಹಾಕಿಸಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಲು ಯಾರನ್ನಾದರೂ ಗೊತ್ತುಮಾಡಿ ಹೋಗಿ.

ಮೂಡಿಗೆರೆ, ಈಗ ಲೀಡ್ಸ್
ಇದನ್ನ ಒಪ್ತೀನಿ. ಕಂಪನಿ ವಿಷಯದಲ್ಲಿ ನನ್ನ ಮಾತು ಅದೇ.

ಹಾಸನ (ಅಕ್ಟೋಬರಿಗೆ ಕೊವೆಂಟ್ರಿ)
ಎಲ್ಲರಿಗೂ ಧನ್ಯವಾದ. ದೊಡ್ಡ ಕಂಪನಿಗೇ ಹೋಗೋಣ ಅಂತ ಮನೆಯಲ್ಲಿ ಮಾತಾಗ್ತಿದೆ. ಏಜೆಂಟ್ ಹತ್ತಿರ ಮೀಟರ್ ಫೋಟೋ ತರಿಸಿದೆ. ಕರೆಂಟಿನದು ಸ್ಮಾರ್ಟ್ ಮೀಟರ್. ಗ್ಯಾಸಿನದು ಹಳೇದು, ಕಪ್ಪು ಅಂಕಿ ನಾಲ್ಕು, ಪಕ್ಕದಲ್ಲಿ ಎಫ್‌ಟಿ ಅಂತ ಬರೆದು ಮೇಲೆ ಸಣ್ಣದಾಗಿ 3 ಇದೆ. ಸರಿ ಇದೆಯಾ?

ಅರಸೀಕೆರೆ, ಈಗ ಲೆಸ್ಟರ್
ಯಾವ ಕಂಪನಿಗೆ ಹೋಗೋ ಮುಂಚೆಯೂ ಇದನ್ನ ಸರಿಮಾಡಿ. ಅದು ಘನ ಅಡಿಯ (ಇಂಪೀರಿಯಲ್) ಮೀಟರ್, ನೂರು ಘನ ಅಡಿಗೆ ಒಂದು ಅಂತ ಎಣಿಸುತ್ತೆ. ಈಚಿನವು ಘನ ಮೀಟರಿನಲ್ಲಿ ಎಣಿಸ್ತವೆ, ಅಲ್ಲಿ ಕಪ್ಪು ಅಂಕಿ ಐದು. ಘನ ಮೀಟರ್ ಆದರೆ 1.02264ರಿಂದ, ಆಮೇಲೆ ಬಿಲ್ಲಿನಲ್ಲಿರೋ ಕ್ಯಾಲೊರಿಫಿಕ್ ವ್ಯಾಲ್ಯೂದಿಂದ (ಗ್ಯಾಸಿನಲ್ಲಿರೋ ಶಾಖದ ಅಳತೆ, 39ರ ಆಸುಪಾಸು) ಗುಣಿಸಿ 3.6ರಿಂದ ಭಾಗಿಸಬೇಕು, ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 11 ಯೂನಿಟ್ ಬರುತ್ತೆ. ನಿಮ್ಮ ಮೀಟರಿಗೆ ಮೊದಲು 2.83ರಿಂದ ಗುಣಿಸಿ, ಆಮೇಲೆ ಇದೇ ಲೆಕ್ಕ. ಕಂಪನಿಯ ದಾಖಲೆಯಲ್ಲಿ ಮೀಟರ್ ಬಗೆ ತಪ್ಪಾಗಿದ್ದರೆ ಬಿಲ್ ಮೂರು ಪಟ್ಟಿನ ಹತ್ತಿರ ಏರುತ್ತೆ, ಇಲ್ಲವೇ ಮೂರರಲ್ಲೊಂದು ಪಾಲಿಗೆ ಇಳಿಯುತ್ತೆ. ಇಳಿದರೆ ಸಂತೋಷಪಡಬೇಡಿ, ತಪ್ಪು ಸಿಕ್ಕ ದಿನ 12 ತಿಂಗಳ ಹಿಂದಿನವರೆಗೆ ವಸೂಲಿ ಮಾಡಬಹುದು.

ಫೋಟೋ ಲಗತ್ತಿಸಿ ಈಗಿನ ಸಣ್ಣ ಕಂಪನಿಗೆ ಇಮೇಲ್ ಹಾಕಿ: ದಾಖಲೆಯಲ್ಲಿ ಇಂಪೀರಿಯಲ್ ಅಂತ ಇದೆಯಾ, ಗ್ಯಾಸಿಗೂ ಸ್ಮಾರ್ಟ್ ಮೀಟರ್ ಯಾವಾಗ ಹಾಕ್ತೀರಿ ಅಂತ ಎರಡೇ ಪ್ರಶ್ನೆ. ಎಷ್ಟು ದಿನಕ್ಕೆ, ಎಷ್ಟು ಸ್ಪಷ್ಟವಾಗಿ ಉತ್ತರ ಬರುತ್ತೆ ನೋಡಿಕೊಂಡು ಆಮೇಲೆ ತೀರ್ಮಾನ ಮಾಡಿ.