ಎಎನ್‌ಪಿ ಹಾಕಿದರೂ ಸಿಜಿಎಂಪಿ ಏರುತ್ತಿಲ್ಲ, ಹಾರ್ಮೋನ್ ಕೆಟ್ಟಿದೆಯಾ?

ತೊಗರಿಕಣಜ, ಕಲಬುರಗಿ:
ಎಲ್ಲರಿಗೂ ನಮಸ್ಕಾರ. ಎಂಎಸ್‌ಸಿ ಪ್ರಾಜೆಕ್ಟಿಗೆ 3ಟಿ3 ಫೈಬ್ರೋಬ್ಲಾಸ್ಟ್ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಇಲಿಯ ಕೋಶ) ಎಎನ್‌ಪಿ (ಹೃದಯದಿಂದ ಬರುವ ಪೆಪ್ಟೈಡ್ ಹಾರ್ಮೋನ್) ಹಾಕಿ, ಅದರಿಂದ ಕೋಶದೊಳಗೆ ಹುಟ್ಟುವ ಸಂದೇಶದ ಅಣು ಸಿಜಿಎಂಪಿಯನ್ನು ಅಳೆಯುತ್ತಿದ್ದೇನೆ. 100 ನ್ಯಾನೋಮೋಲಾರ್ ಹಾಕಿದ ವೆಲ್‌ಗೂ ಬರೀ ಬಫರ್ ಇರುವ ವೆಲ್‌ಗೂ ವ್ಯತ್ಯಾಸವೇ ಇಲ್ಲ. 1 ಮೈಕ್ರೋಮೋಲಾರ್‌ಗೆ ಒಂಚೂರು ಏರಿತು ಅಷ್ಟೇ. ಬಣ್ಣ ನೋಡಿ ಸಿಜಿಎಂಪಿ ಅಳೆಯುವ ಎಲೈಸಾ ಕಿಟ್‌ನ ಸ್ಟ್ಯಾಂಡರ್ಡ್ ಕರ್ವ್ ಚೆನ್ನಾಗಿದೆ. ನಮ್ಮೂರ ಮೇ ಬಿಸಿಲು ಗೊತ್ತಲ್ವಾ, ಕರೆಂಟ್ ಹೋಗಿ ಫ್ರೀಜರ್ ಬೆಚ್ಚಗಾಗಿತ್ತು. ಪೆಪ್ಟೈಡ್ ಹಾಳಾಗಿದೆ ಅಂತಾರೆ ಗೈಡ್. ಹೊಸದು ತರಿಸೋಕೆ ದುಡ್ಡಿಲ್ಲ.

ಸೆಂಟ್ರಿಫ್ಯೂಜ್, ಯಾದಗಿರಿ:
ಐಬಿಎಂಎಕ್ಸ್ (ಫಾಸ್ಫೋಡೈಎಸ್ಟರೇಸ್ ಕಿಣ್ವವನ್ನು ತಡೆಯುವ ರಾಸಾಯನಿಕ) ಹಾಕಿದ್ರಾ? ಇಲ್ಲದಿದ್ದರೆ ಹುಟ್ಟಿದ ಸಿಜಿಎಂಪಿಯನ್ನು ಫಾಸ್ಫೋಡೈಎಸ್ಟರೇಸ್ ಅಲ್ಲೇ ಮುಗಿಸಿಬಿಡುತ್ತದೆ.

ತೊಗರಿಕಣಜ:
ಹಾಕಿದ್ದೇನೆ ಸರ್, 0.5 ಮಿಲಿಮೋಲಾರ್. ಪೆಪ್ಟೈಡ್‌ಗೆ ಮುಂಚೆಯೇ.

ಬಿದರಿಕಪ್ಪು, ಬೀದರ್:
ಸುಮ್ನೆ ಫ್ರೀಜರ್ ಮೇಲೆ ಗೂಬೆ ಕೂರಿಸಬೇಡಿ. 1 ಮೈಕ್ರೋಮೋಲಾರ್‌ಗೆ ಬಂದ ಆ ಸಣ್ಣ ಏರಿಕೆಯನ್ನೇ ನೋಡಿ, ಸುಳಿವು ಅಲ್ಲೇ ಇದೆ.

ಎಎನ್‌ಪಿ, ಅದರ ಬಳಗದ ಬಿಎನ್‌ಪಿ ಎರಡೂ ಕೆಲಸ ಮಾಡುವುದು ಎ ರಿಸೆಪ್ಟರ್ (ಹಾರ್ಮೋನ್ ಹಿಡಿಯುವ ಪ್ರೋಟೀನ್) ಮೇಲೆ. ಅದೇ ಬಳಗದ ಸಿಎನ್‌ಪಿಗೆ ಬಿ ರಿಸೆಪ್ಟರ್. ಎರಡರದ್ದೂ ಒಂದೇ ವರಸೆ: ಪೊರೆಯ ಹೊರಗೆ ಹಾರ್ಮೋನ್ ಕೂತರೆ, ಒಳಗಿರುವ ಅದೇ ಪ್ರೋಟೀನಿನ ಬಾಲ ಜಿಟಿಪಿ ಎಂಬ ಅಣುವನ್ನು ಸಿಜಿಎಂಪಿ ಮಾಡುತ್ತದೆ. ನಡುವೆ ಜಿ ಪ್ರೋಟೀನಿನ ದಲ್ಲಾಳಿ ಬೇಕಿಲ್ಲ. 3ಟಿ3ಯಲ್ಲಿ ಜಾಸ್ತಿ ಇರುವುದು ಬಿ. ಅದು ಎಎನ್‌ಪಿಗೆ ಮಿಸುಕುವುದು ಸಿಕ್ಕಾಪಟ್ಟೆ ಸುರಿದಾಗ ಮಾತ್ರ, ಅದೂ ಅರೆಮನಸ್ಸಿನಿಂದ. ಇನ್ನು ಸಿ ಅಂತ ಒಂದಿದೆ. ಅದಕ್ಕೆ ಸಿಜಿಎಂಪಿ ಮಾಡುವ ಬಾಲವೇ ಇಲ್ಲ, ಮೂರೂ ಹಾರ್ಮೋನನ್ನು ಹಿಡಿದು ಒಳಗೆಳೆದುಕೊಳ್ಳುತ್ತದೆ.

ಮೊದಲು 100 ನ್ಯಾನೋಮೋಲಾರ್ ಸಿಎನ್‌ಪಿ ಹಾಕಿ, 10 ನಿಮಿಷ ಬಿಡಿ. ಬಫರ್‌ಗೆ ಒಂಚೂರು ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಿ, ಪೆಪ್ಟೈಡ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ.

ತೊಗರಿಕಣಜ:
ಪಕ್ಕದ ಲ್ಯಾಬಿನವರ ಹತ್ತಿರ ಸಿಎನ್‌ಪಿ ಇಸಕೊಂಡು ಹಾಕಿದೆ. ಬಫರ್ ವೆಲ್‌ಗಳು ಗಾಢ ಹಳದಿ, ಸಿಎನ್‌ಪಿ ವೆಲ್‌ಗಳು ನೀರಿನ ಹಾಗೆ ತೆಳ್ಳಗೆ. ನಮ್ಮದು ಕಾಂಪಿಟಿಟಿವ್ ಕಿಟ್, ಬಣ್ಣ ಇಳಿದಷ್ಟೂ ಸಿಜಿಎಂಪಿ ಜಾಸ್ತಿ ಅಂತ ಅಲ್ವಾ ಅಣ್ಣಾ? ಹಾಗಾದರೆ ಎಎನ್‌ಪಿ ಚೆನ್ನಾಗಿದೆ ಅಂತ ಗೈಡ್‌ಗೆ ಹೇಳಲಾ?

ಬಿದರಿಕಪ್ಪು:
ತಡೀರಿ. ಕೋಶ ಸರಿ, ಕಿಟ್ ಸರಿ ಅಂತಾಯಿತು. ಎಎನ್‌ಪಿ ಸರಿ ಅಂತ ಇನ್ನೂ ಆಗಿಲ್ಲ. ಎ ರಿಸೆಪ್ಟರ್ ಜೀನ್ ಹಾಕಿದ ಎಚ್‌ಇಕೆ 293 ಕೋಶ (ಮನುಷ್ಯನ ಮೂತ್ರಪಿಂಡದಿಂದ ಬಂದ ಲ್ಯಾಬ್ ಕೋಶ) ಯಾರ ಹತ್ತಿರವಾದರೂ ಇದ್ದರೆ ಒಂದು ವೆಲ್‌ಗೆ ಹಳೆಯ ಎಎನ್‌ಪಿ ಹಾಕಿ. ಅಲ್ಲೂ 100 ನ್ಯಾನೋಮೋಲಾರ್‌ಗೆ ಹಳದಿ ಇಳಿಯದಿದ್ದರೆ ಆಗ ಫ್ರೀಜರ್‌ಗೆ ಬೈಯೋಣ.