1-6 ಸ್ಕೋಪಿನಲ್ಲಿ 1ಕ್ಕೆ ಎರಡು ಚಿತ್ರ, 6ಕ್ಕೆ ಕಪ್ಪು ಉಂಗುರ: 1-8 ಕೊಂಡರೆ ಸರಿಹೋಗುತ್ತದೆಯೇ?

ಗುರಿಗೇಡಿ:
ಮೂರು ವಾರದಿಂದ ತಲೆ ಕೆಟ್ಟಿದೆ. ರೈಫಲಿನ ಮೇಲಿದ್ದ ರೆಡ್ ಡಾಟ್ (ಗುರಿಗೆ ಕೆಂಪು ಚುಕ್ಕಿ ತೋರಿಸುವ ಗಾಜು) ತೆಗೆದು 1-6×24 ಸ್ಕೋಪ್ (1ರಿಂದ 6 ಪಟ್ಟು ವರ್ಧನೆ, 24 ಮಿ.ಮೀ. ಮುಂಗಾಜು) ಕೂರಿಸಿದೆ. ಹತ್ತಿರಕ್ಕೂ ಆಯಿತು, ದೂರಕ್ಕೂ ಆಯಿತು ಎಂದು ಎಲ್ಲರೂ ಹೊಗಳಿದ್ದರು. ನನಗೆ ಎರಡಕ್ಕೂ ಆಗುತ್ತಿಲ್ಲ. 1ರಲ್ಲಿ ಎರಡೂ ಕಣ್ಣು ತೆರೆದು ನೋಡಿದರೆ ಬರಿಗಣ್ಣಿನ ಚಿತ್ರಕ್ಕೂ ಸ್ಕೋಪಿನ ಚಿತ್ರಕ್ಕೂ ತಾಳೆಯಾಗುವುದಿಲ್ಲ, ಗುರಿಹಲಗೆಯ ಅಂಚು ಎರಡೆರಡಾಗಿ ಕಾಣುತ್ತದೆ. 6ಕ್ಕೆ ತಿರುಗಿಸಿದರೆ ಸುತ್ತಲೂ ದಪ್ಪ ಕಪ್ಪು ಉಂಗುರ. ತಲೆ ಕೂದಲೆಳೆಯಷ್ಟು ಸರಿದರೂ ಗ್ರಹಣ ಹಿಡಿದ ಹಾಗೆ. ಎಲ್ಲವನ್ನೂ ಸರಿಯಾಗಿಯೇ ಹೊಂದಿಸಿದ್ದೇನೆ. ಗಾಜೇ ಕೆಟ್ಟದ್ದಿರಬೇಕು. ಇದನ್ನು ಮಾರಿ 1-8 ತೆಗೆದುಕೊಳ್ಳಲೇ? ಹೌದು ಅಥವಾ ಬೇಡ ಎಂದರೆ ಸಾಕು.

ಮಿಲ್‌ಪ್ರಿಯ:
ಎಫ್‌ಎಫ್‌ಪಿಯೋ ಎಸ್‌ಎಫ್‌ಪಿಯೋ? ಎಲ್ಲದರ ಬೇರು ಅಲ್ಲಿದೆ. ಎಸ್‌ಎಫ್‌ಪಿ, ಅಂದರೆ ಎರಡನೆಯ ಫೋಕಲ್ ಪ್ಲೇನಿನ ಸ್ಕೋಪಿನಲ್ಲಿ ರೆಟಿಕಲ್ (ಒಳಗೆ ಕಾಣುವ ಗುರಿಗೆರೆಗಳು) ಎಲ್ಲ ವರ್ಧನೆಯಲ್ಲೂ ಒಂದೇ ಗಾತ್ರದಲ್ಲಿ ನಿಂತಿರುತ್ತದೆ, ಅಳತೆ ಗೀಟುಗಳು ಸಾಮಾನ್ಯವಾಗಿ ಗರಿಷ್ಠದಲ್ಲಿ ಮಾತ್ರ ನಿಜ ಹೇಳುತ್ತವೆ. 6ರಲ್ಲಿ ಒಂದು ಮಿಲ್ (ಕೋನದ ಅಳತೆ) ಇದ್ದ ಗೀಟು 3ಕ್ಕೆ ಇಳಿಸಿದರೆ ಎರಡು ಮಿಲ್ ಆಗುತ್ತದೆ. ಎಫ್‌ಎಫ್‌ಪಿ, ಅಂದರೆ ಮೊದಲನೆಯ ಪ್ಲೇನಿನದಾದರೆ ರೆಟಿಕಲ್ಲೂ ಚಿತ್ರದ ಜೊತೆಗೇ ಹಿಗ್ಗಿ ಕುಗ್ಗುತ್ತದೆ, ಈ ರಗಳೆಯಿಲ್ಲ. ನಾನಂತೂ ಎಫ್‌ಎಫ್‌ಪಿ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ.

ಹಳೆಗಣ್ಣು:
ಅವರು ಕೇಳಿದ್ದು ಕಪ್ಪು ಉಂಗುರದ ಬಗ್ಗೆ, ಗೀಟಿನ ಬಗ್ಗೆ ಅಲ್ಲ.

ಗುರಿಗೇಡಿಯವರೇ, ಕನ್ನಡಕ ಹಾಕುತ್ತೀರಾ? ಡಯಾಪ್ಟರ್ ಯಾವ ವರ್ಧನೆಯಲ್ಲಿ ಹೊಂದಿಸಿದಿರಿ? ಸ್ಕೋಪನ್ನು ಕೋವಿಯ ರೈಲಿನ (ಮೇಲಿನ ತೋಡುಪಟ್ಟಿಯ) ಮೇಲೆ ಕೂರಿಸುವಾಗ ನಿಂತಿದ್ದಿರೋ, ಮಲಗಿದ್ದಿರೋ? ಎರಡು ಚಿತ್ರ ಎಷ್ಟು ದೂರದ ವಸ್ತುವಿಗೆ ಕಾಣುತ್ತದೆ?

ಗುರಿಗೇಡಿ:
ಡಯಾಪ್ಟರ್ ಅಂದರೆ ಹಿಂಬದಿಯಲ್ಲಿ ತಿರುಗುವ ಬಳೆ ತಾನೇ? ಅದನ್ನು ಮುಟ್ಟಿಲ್ಲ, ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆಯೇ ಇದೆ. ಉಳಿದದ್ದೆಲ್ಲ ಸರಿಯಾಗಿದೆ ಎಂದು ಮೊದಲೇ ಹೇಳಿದ್ದೇನೆ.

ಓರೆಡಾಟ್:
1-8 ಯಾಕೆ, ನೇರ 1-10 ತೆಗೆದುಕೊಳ್ಳಿ. ನನ್ನದು 34 ಮಿ.ಮೀ. ಕೊಳವೆ, ಪಕ್ಕದಲ್ಲಿ 45 ಡಿಗ್ರಿ ಓರೆಗೆ ಒಂದು ಪುಟ್ಟ ರೆಡ್ ಡಾಟ್. ಹತ್ತಿರಕ್ಕೆ ಕೋವಿಯನ್ನು ಮಣಿಕಟ್ಟಿನಲ್ಲಿ ತುಸು ವಾಲಿಸಿದರೆ ಡಾಟ್, ನೆಟ್ಟಗೆ ಹಿಡಿದರೆ ಸ್ಕೋಪ್. 1ಕ್ಕೆ ಇಳಿಸುವ ಪ್ರಮೇಯವೇ ಇಲ್ಲ.

ಹಳೆಗಣ್ಣು:
1ಕ್ಕೆ ಇಳಿಸುವುದೇ ಇಲ್ಲವಾದರೆ 1ರಿಂದ ಶುರುವಾಗುವ ಸ್ಕೋಪು ಯಾಕೆ ಬೇಕಿತ್ತು?

ಓರೆಡಾಟ್:
ಇರಲಿ ಅಂತ.

ಮಿಲ್‌ಪ್ರಿಯ:
ಟರೆಟ್ (ಗುರಿ ಹೊಂದಿಸುವ ತಿರುಪು) ಮಿಲ್‌ನದೋ ಎಂಒಎದೋ (ಅದೂ ಕೋನದ ಅಳತೆಯೇ) ಅದನ್ನೂ ಹೇಳಿ. 0.1 ಮಿಲ್ ಅಂದರೆ 100 ಮೀಟರಿಗೆ ನೆಟ್ಟಗೆ 1 ಸೆಂ.ಮೀ. ಮಗುವಿಗೂ ಅರ್ಥವಾಗುತ್ತದೆ.

ಕಾಲುಗೆರೆ:
ಕಾಲು ಎಂಒಎ ಅಂದರೆ ಅದೇ ದೂರಕ್ಕೆ ಸುಮಾರು 7.3 ಮಿ.ಮೀ. ನಿಮ್ಮದಕ್ಕಿಂತ ಸಣ್ಣ ಹೆಜ್ಜೆ. ಮಗುವಿಗೆ ಅರ್ಥವಾಗದಿದ್ದರೆ ಮಗು ಗುರಿ ಹಿಡಿಯುವುದು ಬೇಡ.

ಮಿಲ್‌ಪ್ರಿಯ:
ಆ 2.7 ಮಿ.ಮೀ. ವ್ಯತ್ಯಾಸ ನಿಮ್ಮ ಗುಂಡಿಗೆ ಗೊತ್ತಾಗುತ್ತದೆಯೇ?

ಹಳೆಗಣ್ಣು:
ಇಬ್ಬರೂ ಬೇರೆ ಎಲ್ಲಾದರೂ ಹೋಗಿ ಅಳೆದುಕೊಳ್ಳಿ.

ಗುರಿಗೇಡಿಯವರೇ, ಕಪ್ಪು ಉಂಗುರ ಗಾಜಿನ ದೋಷವಲ್ಲ. 24 ಮಿ.ಮೀ. ಮುಂಗಾಜನ್ನು 6ರಿಂದ ಭಾಗಿಸಿ: ಹಿಂದಿನಿಂದ ಹೊರಬೀಳುವ ಬೆಳಕಿನ ಕಂಬ 4 ಮಿ.ಮೀ. ಅಗಲ. ನಿಮ್ಮ ಪಾಪೆ ಅದರೊಳಗೇ ಬೀಳಬೇಕು, ದೂರವೂ ಸರಿಯಿರಬೇಕು. 1ರಲ್ಲಿ ಆ ಕಂಬ ಎಷ್ಟೋ ದಪ್ಪ, ಹಾಗಾಗಿ ಕೆನ್ನೆ ಎಲ್ಲಿಟ್ಟರೂ ನಡೆಯುತ್ತದೆ. ಈಗ 8ರಿಂದ ಭಾಗಿಸಿ ನೋಡಿ: 3 ಮಿ.ಮೀ. ಓರೆಡಾಟ್ ಅವರ 10ಕ್ಕೆ, ಅವರ ಮುಂಗಾಜೂ 24 ಆದರೆ, 2.4. ಉಂಗುರ ಕಾಡುತ್ತಿದೆಯೆಂದು ಇನ್ನೂ ಸಣ್ಣ ಕಂಬದ ಸ್ಕೋಪು ಕೊಳ್ಳುವುದು ಕಿಂಡಿ ಸಾಲದೆಂದು ಸೂಜಿಕಣ್ಣಿನಲ್ಲಿ ಇಣುಕಿದ ಹಾಗೆ.

ನನ್ನ ಪ್ರಶ್ನೆಗಳಿಗೆ ಇನ್ನೂ ಉತ್ತರ ಬಂದಿಲ್ಲ. ಕನ್ನಡಕ? ಭಂಗಿ? ದೂರ?

ಗುರಿಗೇಡಿ:
ಕನ್ನಡಕ ಇದೆ, ದೂರದೃಷ್ಟಿಗೆ. ಗುಂಡು ಹಾರಿಸುವಾಗ ತೆಗೆದಿಡುತ್ತೇನೆ, ಹಿಂಗಾಜಿಗೆ ತಾಗುತ್ತದೆ. ಸ್ಕೋಪ್ ಕೂರಿಸಿದ್ದು ನಿಂತುಕೊಂಡು, 1ರಲ್ಲಿ ಇಟ್ಟು. ಚಿತ್ರ ತುಂಬಾ ಚೆನ್ನಾಗಿ ಬಂದಿತ್ತು. 6 ಬಳಸುವುದು ಮಲಗಿದಾಗ ಮಾತ್ರ. ಎರಡು ಚಿತ್ರ ಕಂಡದ್ದು ಮನೆಯ ಗೋಡೆಯ ಮೇಲೆ, ನಾಲ್ಕೈದು ಮೀಟರ್. ಇದೆಲ್ಲ ಮುಖ್ಯ ಎಂದು ನನಗೇನು ಗೊತ್ತು?

ಕಾಲುಗೆರೆ:
ಕನ್ನಡಕ ತೆಗೆದಿಡುತ್ತೀರಾ! ಕಣ್ಣಿಗೆ ರಕ್ಷಣೆಯೇ ಇಲ್ಲದೆ ಗುಂಡು ಹಾರಿಸುತ್ತೀರಾ?

ಹಳೆಗಣ್ಣು:
ಅದು ಮೊದಲ ಮಾತು, ಕಾಲುಗೆರೆ ಹೇಳಿದ್ದು ಸರಿ. ಕನ್ನಡಕ ಹಿಂಗಾಜಿಗೆ ತಾಗುತ್ತದೆ ಎಂದರಲ್ಲ, ರೋಗ ಅಲ್ಲೇ ಸಿಕ್ಕಿತು. ಇಂಥ ಸ್ಕೋಪುಗಳು ಕಣ್ಣಿನಿಂದ ಸುಮಾರು 9-10 ಸೆಂ.ಮೀ. ದೂರ ಕೇಳುತ್ತವೆ. ನಿಂತಾಗ ತಲೆ ಹಿಂದೆ ಇರುತ್ತದೆ, ಮಲಗಿದಾಗ ಕತ್ತು ಚಾಚಿ ಕೆನ್ನೆ ಮುಂದೆ ಜಾರುತ್ತದೆ. ನೀವು ನಿಂತು ಕೂರಿಸಿದ ಸ್ಕೋಪಿಗೆ ಮಲಗಿದಾಗ ಅತಿ ಹತ್ತಿರ ಹೋಗುತ್ತಿದ್ದೀರಿ. ಕೋವಿ ಖಾಲಿಯಿದೆಯೆಂದು ಎರಡು ಸಲ ನೋಡಿಕೊಳ್ಳಿ. ಕನ್ನಡಕ ಹಾಕಿ, 6ಕ್ಕೆ ತಿರುಗಿಸಿ ಮಲಗಿ. ಕಣ್ಣು ಮುಚ್ಚಿ ಕೆನ್ನೆಯನ್ನು ಸ್ಟಾಕಿಗೆ ಒರಗಿಸಿ, ಕತ್ತು ಸಡಿಲಬಿಟ್ಟು ಆಮೇಲೆ ಕಣ್ಣು ತೆರೆಯಿರಿ. ಉಂಗುರ ಕಂಡರೆ ತಲೆ ಸರಿಸಬೇಡಿ, ಸ್ಕೋಪ್ ಸರಿಸಿ. ಪಿಕಾಟಿನಿ ರೈಲಿನಲ್ಲಿ ಒಂದು ತೋಡಿನಿಂದ ಮುಂದಿನದಕ್ಕೆ ಸುಮಾರು 10 ಮಿ.ಮೀ.

ಇನ್ನು ಡಯಾಪ್ಟರ್. ಕನ್ನಡಕ ಹಾಕಿಯೇ ಆಕಾಶದ ಕಡೆ (ಸೂರ್ಯನ ಕಡೆಯಲ್ಲ) ನೋಡಿ, ರೆಟಿಕಲ್ ಒಂದೇ ನೋಟಕ್ಕೆ ಚೂಪಾಗಿ ಕಾಣುವವರೆಗೆ ಆ ಬಳೆ ತಿರುಗಿಸಿ. ದಿಟ್ಟಿಸಿ ನಿಂತರೆ ಕಣ್ಣೇ ಹೊಂದಿಕೊಂಡು ಮೋಸ ಮಾಡುತ್ತದೆ, ಎರಡು ಸೆಕೆಂಡಿಗೊಮ್ಮೆ ಬೇರೆ ಕಡೆ ನೋಡಿ. ಆಮೇಲೆ 1ರಲ್ಲಿ 50 ಮೀಟರ್ ಆಚೆಯ ಕಂಬ ಏನಾದರೂ ನೋಡಿ. ಗೋಡೆ ಬೇಡ. ಮುಂಗಾಜು ನಿಮ್ಮ ಕಣ್ಣಿಗಿಂತ ಒಂದಡಿಗೂ ಮುಂದಿದೆ, ಐದು ಮೀಟರಿನ ವಸ್ತುವಿಗೆ ಆ ಒಂದಡಿಯೂ ಲೆಕ್ಕಕ್ಕೆ ಬರುತ್ತದೆ. ಎಂಥ ದುಬಾರಿ ಸ್ಕೋಪಾದರೂ ಅಷ್ಟು ಹತ್ತಿರದಲ್ಲಿ ತುಸು ವ್ಯತ್ಯಾಸ ತೋರಿಸೀತು.

ಓರೆಡಾಟ್:
ನನ್ನದರಲ್ಲಿ ಗೋಡೆಯೂ ಚೆನ್ನಾಗಿ ಕಾಣುತ್ತದೆ.

ಕಾಲುಗೆರೆ:
ಡಾಟ್, ಮೌಂಟ್ ಎಲ್ಲ ಸೇರಿ ತೂಕ ಎಷ್ಟು?

ಓರೆಡಾಟ್:
ಕಿಲೋ ಹತ್ತಿರ. ಬೈಪಾಡ್ ಬಿಟ್ಟು.

ಗುರಿಗೇಡಿ:
ಮಾಡಿ ನೋಡಿದೆ. ಎರಡು ತೋಡು ಮುಂದಕ್ಕೆ ಸರಿಸಿದೆ, ಉಂಗುರ ಹೋಯಿತು. ಪೂರ್ತಿ ಹೋಗಿಲ್ಲ, ತಲೆ ಅಲುಗಿದರೆ ಅಂಚಿನಲ್ಲಿ ಇಣುಕುತ್ತದೆ, ಆದರೆ ಈಗ ಕನ್ನಡಕ ತಾಗುವುದಿಲ್ಲ. ಬಳೆಯನ್ನು ಹೆಚ್ಚುಕಡಿಮೆ ಅರ್ಧ ಸುತ್ತು ತಿರುಗಿಸಬೇಕಾಯಿತು. ದೂರದ ಕಂಬ ಈಗ ಒಂದೇ. ಗೋಡೆ ಮಾತ್ರ ಹಾಗೆಯೇ ಇದೆ. ಸರಿಸಿದ ಮೇಲೆ ಜೀರೋ (ಗುಂಡು ಬೀಳುವ ಜಾಗಕ್ಕೆ ಗುರಿ ಹೊಂದಿಸುವುದು) ಮತ್ತೆ ಮಾಡಬೇಕೇ?

ಹಳೆಗಣ್ಣು:
ಮಾಡಲೇಬೇಕು. ಅದಕ್ಕೆ ಮೊದಲು ಸ್ಕ್ರೂಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ, ರಿಂಗಿನವಕ್ಕೆ ಸಾಮಾನ್ಯವಾಗಿ 2 ನ್ಯೂಟನ್ ಮೀಟರ್ ಒಳಗೆ. ಮೌಂಟಿನ ಕಾಗದದಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆಯ ಮಾತು. ಹಿಂದೆ ಹೇಗೆ ಬಿಗಿ ಮಾಡಿದ್ದಿರಿ?

ಗುರಿಗೇಡಿ:
ಕೈಯಲ್ಲಿ, ಇನ್ನು ತಿರುಗದು ಎನ್ನುವವರೆಗೆ.

ಹಳೆಗಣ್ಣು:
ರಿಂಗ್ ಬಿಚ್ಚಿ ಕೊಳವೆಯ ಮೇಲೆ ಗುರುತು ಬಿದ್ದಿದೆಯೇ ನೋಡಿ. ನೋಡದೆ ಮಾರಬೇಡಿ, ಕೊಂಡವನು ಬಯ್ಯುತ್ತಾನೆ.

ಮಿಲ್‌ಪ್ರಿಯ:
ಅದು ಎಫ್‌ಎಫ್‌ಪಿಯೋ ಎಸ್‌ಎಫ್‌ಪಿಯೋ, ಇನ್ನೂ ಹೇಳಲಿಲ್ಲ.

ಗುರಿಗೇಡಿ:
ಪೆಟ್ಟಿಗೆ ಎಸೆದಿದ್ದೇನೆ.

ಮಿಲ್‌ಪ್ರಿಯ:
ಪೆಟ್ಟಿಗೆ ಯಾಕೆ ಬೇಕು? 1ರಿಂದ 6ಕ್ಕೆ ತಿರುಗಿಸುವಾಗ ರೆಟಿಕಲ್ ದೊಡ್ಡದಾಗುತ್ತದೆಯೋ ಇಲ್ಲವೋ?

ಗುರಿಗೇಡಿ:
ಗಮನಿಸಿಲ್ಲ. ಮೂರು ವಾರವೂ ಉಂಗುರವನ್ನೇ ನೋಡುತ್ತಿದ್ದೆ.