ಕಾರ್ಡ್ ನೆಗೆಟಿವ್ ಅಂತ ಸುಮ್ನೆ ಬಿಡಬೇಡ ಸುಮಕ್ಕ

ಸುಮಕ್ಕ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಫೋಟೋ ಈಗಷ್ಟೇ ನೋಡಿದೆ. ಲ್ಯಾಬ್ ಮುಗಿಸಿ ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ಕಿಡ್ನಿ ಕಸಿ ಆದ ಭಾವನಿಗೆ ಒಂಬತ್ತು ದಿನದಿಂದ ಭೇದಿ, ಮಲದ ಕಾರ್ಡ್ ಟೆಸ್ಟ್ ನೆಗೆಟಿವ್, ಇನ್ನು ಗಂಜಿ, ಬೊಂಡದ ನೀರು ಕೊಟ್ಟರೆ ಸಾಕು ಅಂತ ಹಾಕಿದ್ದೀಯಲ್ಲ, ಹಾಗೆ ಬಿಡಬೇಡ. ನಾಳೆ ಬೆಳಿಗ್ಗೆಯೇ ಕಿಡ್ನಿ ಡಾಕ್ಟರಿಗೆ ಫೋನ್ ಮಾಡು.

ಆ ಫೋಟೋ ದೊಡ್ಡದು ಮಾಡಿ ನೋಡು. 'ಸಿ' ಎದುರು ಇರುವ ಗುಲಾಬಿ ಗೆರೆ ಕಾರ್ಡ್ ಸರಿ ಇದೆ ಅಂತ ಹೇಳುತ್ತದೆ, ಅಷ್ಟೇ. ಮೇಲೆ ಏನು ಬರೆದಿದೆ? ಜಿಯಾರ್ಡಿಯಾ, ಭೇದಿ ತರುವ ಒಂದು ರೋಗಾಣು. ಅಂದರೆ ಅದೊಂದನ್ನೇ ಹುಡುಕಿದ್ದಾರೆ. ಕ್ರಿಪ್ಟೋಸ್ಪೊರಿಡಿಯಂ ಅಂತ ಇನ್ನೊಂದಿದೆ, ನನಗೋ ನಿನಗೋ ಬಂದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ, ಕಿಡ್ನಿ ಕಸಿ ಆದವರಲ್ಲಿ ತಿಂಗಳುಗಟ್ಟಲೆ ಕೂತುಬಿಡಬಹುದು. 4ರಿಂದ 6 ಮೈಕ್ರಾನ್, ಕೆಂಪು ರಕ್ತಕಣಕ್ಕಿಂತ ಸಣ್ಣದು, ಮಾಮೂಲಿ ಮಲ ಪರೀಕ್ಷೆಯಲ್ಲಿ ಕಣ್ಣು ತಪ್ಪಿಹೋಗುತ್ತದೆ. ಟಿಬಿ ಕ್ರಿಮಿಗೆ ಹಾಕುವ ಬಣ್ಣವನ್ನೇ ಸ್ವಲ್ಪ ಬದಲಿಸಿ ಹಾಕಿದರೆ ನೀಲಿ ಮೇಲೆ ಕುಂಕುಮದ ಚುಕ್ಕಿ ಇಟ್ಟ ಹಾಗೆ ಕಾಣುತ್ತದೆ. ಡಾಕ್ಟರ ಚೀಟಿಯಲ್ಲಿ ಬರೆಯದಿದ್ದರೆ ಲ್ಯಾಬಿನಲ್ಲಿ ನಾವು ಆ ಬಣ್ಣ ಹಾಕುವುದೇ ಇಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬರಿಗೆ ಎರಡು ಸಲ ಏನೂ ಇಲ್ಲ ಅಂತ ನಾನೇ ರಿಪೋರ್ಟ್ ಕೊಟ್ಟಿದ್ದೆ, ಚೀಟಿಯಲ್ಲಿ ಬರೀ 'ಭೇದಿ' ಅಂತ ಇತ್ತು. ಮೂರನೇ ಸಲ ಅವರ ಹೆಂಡತಿ ಕಸಿ ಆದ ವಿಷಯ ಬಾಯಿ ಬಿಟ್ಟರು, ಬಣ್ಣ ಹಾಕಿ ನೋಡಿದರೆ ಸ್ಲೈಡ್ ತುಂಬಾ ಅದೇ. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಚಿಕ್ಕಪ್ಪ ಕೇಳಿದ್ದಾರೆ, ರಕ್ತದಲ್ಲೇ ಬೇಗ ಗೊತ್ತಾಗುವ ಟೆಸ್ಟ್ ಇಲ್ಲವಾ ಅಂತ. ಇದಕ್ಕೆ ಮಲವೇ ಬೇಕು ಚಿಕ್ಕಪ್ಪ. ರಕ್ತದ ಕಾರ್ಡಿನಲ್ಲೂ ಎರಡು ಥರ ಇದೆ. ಮಂಗಳೂರಿನಲ್ಲಿ ನಾವೆಲ್ಲ ನೋಡಿದ ಮಲೇರಿಯಾ ಕಾರ್ಡ್ ರೋಗಾಣುವಿನ ಪ್ರೋಟೀನನ್ನೇ ಹಿಡಿಯುತ್ತದೆ. ಬೇರೆ ಕೆಲವು ರೋಗದ ವಿರುದ್ಧ ಹೋರಾಡಲು ನಮ್ಮ ದೇಹ ಮಾಡಿದ ಆಂಟಿಬಾಡಿ ಹುಡುಕುತ್ತವೆ. ಭಾವ ತೆಗೆದುಕೊಳ್ಳುವ ಮಾತ್ರೆ ಇರುವುದೇ ದೇಹದ ಆ ಶಕ್ತಿ ತಗ್ಗಿಸುವುದಕ್ಕೆ, ಅಲ್ವಾ? ರೋಗ ಇದ್ದರೂ ಗೆರೆ ಮೂಡದೇ ಇರಬಹುದು. ಬಿಹಾರದ ಕಡೆ ಕಾಲಾ ಅಜಾರ್ ಅನ್ನುವ ಜ್ವರಕ್ಕೆ ಬಳಸುವ ಕಾರ್ಡ್, ಆ ಶಕ್ತಿ ಕುಂದಿದ ಎಚ್‌ಐವಿ ಇದ್ದವರಲ್ಲಿ ಹೀಗೇ ಜಾಸ್ತಿ ತಪ್ಪುತ್ತದೆ.

ಡಾಕ್ಟರ ಹತ್ತಿರ ಕಸಿ ಆಗಿದೆ, ಕ್ರಿಪ್ಟೋ ಟೆಸ್ಟ್ ಬರೆಯಿರಿ ಅಂತ ಬಾಯಿಬಿಟ್ಟು ಕೇಳು. ಮಲ ಒಂದೇ ದಿನದ್ದು ಸಾಲದು, ಬೇರೆ ಬೇರೆ ದಿನದ ಮೂರು ಬೇಕು, ಕೆಲವು ದಿನ ಆ ರೋಗಾಣು ಮಲದಲ್ಲಿ ಹೊರಗೇ ಬರುವುದಿಲ್ಲ. ಟ್ಯಾಕ್ರೋಲಿಮಸ್, ಅಂದರೆ ಕಸಿ ಆದವರಿಗೆ ಕೊಡುವ ಆ ಮಾತ್ರೆಯ ಲೆವೆಲ್ ನೋಡಬೇಕಾ ಅಂತಲೂ ಕೇಳು, ಭೇದಿ ಆದಾಗ ರಕ್ತದಲ್ಲಿ ಅದು ಏರಬಹುದು, ಹೊಸ ಕಿಡ್ನಿಗೆ ಒಳ್ಳೆಯದಲ್ಲ. ಆದರೆ ನೀನಾಗಿ ಮಾತ್ರೆ ಕಡಿಮೆ ಮಾಡಬೇಡ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇವೆ ಅಂತ ಧೈರ್ಯ ಬೇಡ, ಈ ಕ್ರಿಪ್ಟೋ ಅದರ ಕ್ಲೋರಿನ್ನಿಗೆ ಸಾಯುವುದಿಲ್ಲ, ಕುದಿಸಿದರೇ ಸಾಯುವುದು. ಭಾವ ಬಾಯಿ ಮುಕ್ಕಳಿಸುವುದಕ್ಕೂ ಕುದಿಸಿದ ನೀರೇ ಕೊಡು.

ಮಲದ ಡಬ್ಬ ಮೂರು ನಾನೇ ತರುತ್ತೇನೆ, ಬಸ್ ಬಂತು, ಎಂಟು ಗಂಟೆಗೆ ನಿಮ್ಮ ಮನೆಯಲ್ಲಿ ಇರುತ್ತೇನೆ.